ಹನ್ನೊಂದು ಪುಟದ ಕಾಗದ

ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ, ಈ ಸಲ ಹಪ್ಪಳ ಸಂಡಿಗೆ ಬದಿಗಿಟ್ಟು ಒಬ್ಬ ಸೋದರಿಯ ಕಾಗದಕ್ಕೆ ಉತ್ತರ ಬರೆಯುತ್ತೇನೆ ಅಂತ. ಕಾಗದ ಮಲೆನಾಡಿನ ಕಡೆಯಿಂದ ಬಂದದ್ದು. ಹೆಸರು, ಊರು ಬೇಡ ಅಂದಿದ್ದಾರೆ. ಗುರುತು ಸಿಗದ ಹಾಗೆ ನಾಲ್ಕಾರು ವಿವರಗಳನ್ನು ನಾನೂ ಬದಲಿಸಿದ್ದೇನೆ.

ಈ ಸೋದರಿಗೆ 43 ವರ್ಷ. ಮನೆಯವರು, ಮಕ್ಕಳು ಎಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲೇ ದೀಪ ಹಾಕಿಕೊಂಡು ಮೂರು ವರ್ಷ ಕೂತು ಒಂದು ಕಾದಂಬರಿ ಬರೆದರಂತೆ. 280 ಪುಟ. ಪ್ರಕಾಶಕರಿಗೆ ಕಳಿಸುವ ಮೊದಲು ತಿಳಿದವರು ಯಾರಾದರೂ ನೋಡಲಿ ಎಂದು, ಹೊಲಿಗೆಯಿಂದ ಕೂಡಿಟ್ಟ ಹಣ ಕೊಟ್ಟು ಬೆಂಗಳೂರಿನ ಒಬ್ಬ ಸಂಪಾದಕಿಗೆ ಒಪ್ಪಿಸಿದರು. ಆರು ವಾರದ ಮೇಲೆ ಹನ್ನೊಂದು ಪುಟದ ಕಾಗದ ಬಂತು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದು, ಬಾಗಿಲು ಹಾಕಿಕೊಂಡು ಓದಿ, ಅತ್ತರಂತೆ. ಯಜಮಾನರು "ದುಡ್ಡು ಕೊಟ್ಟು ಬೈಸಿಕೊಂಡೆಯಾ?" ಅಂದರಂತೆ. ಈಗ ಹಸ್ತಪ್ರತಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ. "ಅಕ್ಕಾ, ಇದನ್ನು ಬಚ್ಚಲೊಲೆಗೆ ಹಾಕಿಬಿಡಲೇ?" ಎಂದು ಕೇಳಿದ್ದಾರೆ.

ಬೇಡ ತಂಗೀ. ಸಂಪಾದಕಿಯ ಕಾಗದದ ನಕಲನ್ನೂ ಕಳಿಸಿದ್ದೀರಲ್ಲ, ಎರಡು ಸಲ ಓದಿದೆ. ಅದರಲ್ಲಿ ಬೈಗುಳ ಒಂದೂ ಇಲ್ಲ. ಇರುವುದೆಲ್ಲ ಪ್ರಶ್ನೆ. ಇದು ಯಾರ ಕಥೆ? ಅರ್ಧಕ್ಕೆ ಬಂದ ಮೇಲೆ ಮೈದುನನ ವ್ಯಾಪಾರದ ವಿಷಯವೇ ತುಂಬಿಕೊಂಡಿದೆಯಲ್ಲ, ನಾಯಕಿ ಎಲ್ಲಿ ಹೋದಳು? ಏಳನೆಯ ಅಧ್ಯಾಯದ ಕೊನೆಯಲ್ಲಿ ಆಕೆಯ ಗಂಡ ತೀರಿಕೊಳ್ಳುತ್ತಾನೆ, ಎಂಟನೆಯದು "ಮೂರು ವರ್ಷ ಕಳೆಯಿತು" ಎಂದು ಶುರುವಾಗುತ್ತದೆ, ಆ ಮೂರು ವರ್ಷ ಅವಳ ಮೇಲೆ ಏನು ನಡೆಯಿತು? ಇಷ್ಟು ಕೇಳಬೇಕಾದರೆ ಆಕೆ ನಿಮ್ಮ 280 ಪುಟವನ್ನು ಒಂದು ಸಲವಲ್ಲ, ಎರಡು ಮೂರು ಸಲ ಓದಿರಬೇಕು. ನಿಮ್ಮ ಬರಹವನ್ನು ಅಷ್ಟು ಮನಸ್ಸಿಟ್ಟು ಇನ್ನು ಯಾರು ಓದಿದ್ದಾರೆ, ಹೇಳಿ?

ನಮ್ಮಲ್ಲಿ ಸಂಪಾದಕರು ಅಂದ್ರೆ ಕಾಗುಣಿತ ನೋಡುವವರು, ಒತ್ತಕ್ಷರ ಸರಿಮಾಡುವವರು ಅನ್ನೋ ಭಾವನೆ ಇದೆ. ಅದು ಕರಡು ತಿದ್ದುವ ಕೆಲಸ, ಎಲ್ಲ ಮುಗಿದ ಮೇಲೆ ಬರುವುದು. ನೀವು ಹಸ್ತಪ್ರತಿ ಕೊಟ್ಟದ್ದು ಬೇರೆ ಬಗೆಯವರಿಗೆ. ಇಂಗ್ಲಿಷಿನಲ್ಲಿ ಡೆವಲಪ್‌ಮೆಂಟಲ್ ಎಡಿಟರ್ ಅನ್ನುತ್ತಾರೆ. ಅವರು ನೋಡುವುದು ಕಥೆಯ ಕಟ್ಟಡವನ್ನು. ಎಲ್ಲಿ ಶುರುವಾಗಬೇಕಿತ್ತು, ಯಾರ ಕಣ್ಣಿನಿಂದ ಹೇಳಬೇಕಿತ್ತು, ಯಾವ ಪಾತ್ರ ಇಲ್ಲದಿದ್ದರೂ ನಡೆಯುತ್ತದೆ, ಓದುವವರು ಎಲ್ಲಿ ಪುಸ್ತಕ ಮಡಿಚಿಟ್ಟು ಏಳುತ್ತಾರೆ ಅನ್ನುವುದನ್ನು. ಗೋಡೆಯನ್ನೇ ಕಿತ್ತು ಕಟ್ಟಬೇಕಾದ ಕಡೆ ಸುಣ್ಣ ಬಳಿದು ಏನು ಫಲ? ಅದಕ್ಕೇ ಅವರು ಒತ್ತಕ್ಷರದ ತಂಟೆಗೆ ಹೋಗಿಲ್ಲ.

ನನ್ನ ಮೊದಲ ಕಾದಂಬರಿಯ ಗತಿಯೂ ಇದೇ. ಒಂದು ಪತ್ರಿಕೆಗೆ ಕಳಿಸಿದ್ದೆ. ಅಲ್ಲಿನ ಹಿರಿಯರೊಬ್ಬರು ವಾಪಸು ಕಳಿಸುವಾಗ ಮೊದಲ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ನಾಯಕಿ ಹದಿನಾಲ್ಕು ಸಲ ಅಳುತ್ತಾಳೆ, ಓದುವವರಿಗೆ ಅಳಲು ಜಾಗವೇ ಉಳಿದಿಲ್ಲ. ಎರಡು ತಿಂಗಳು ಅವರ ಮೇಲೆ ಸಿಟ್ಟಿನಲ್ಲಿದ್ದೆ. ಆಮೇಲೆ ಎಣಿಸಿ ನೋಡಿದೆ. ಹದಿನಾರು ಸಲ ಅತ್ತಿದ್ದಳು.

ಈಗ ದೂರದ ಒಂದು ಸಂಗತಿ ಹೇಳುತ್ತೇನೆ, ನಿಮ್ಮ ಏಳನೆಯ ಅಧ್ಯಾಯಕ್ಕೂ ಅದಕ್ಕೂ ಸಂಬಂಧವಿದೆ. ಅಮೆರಿಕದ ಅಲಬಾಮ ರಾಜ್ಯದ ಸಣ್ಣ ಊರಿನ ಹಾರ್ಪರ್ ಲೀ 1949ರಲ್ಲಿ ನ್ಯೂಯಾರ್ಕಿಗೆ ಬಂದು, ವಿಮಾನ ಕಂಪನಿಯಲ್ಲಿ ಟಿಕೆಟ್ ಕೊಡುವ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ಬರೆಯುತ್ತಿದ್ದರು. 1956ರ ಕ್ರಿಸ್‌ಮಸ್‌ಗೆ ಸ್ನೇಹಿತ ದಂಪತಿಗಳು "ಒಂದು ವರ್ಷ ಕೆಲಸ ಬಿಟ್ಟು ಬರೆ" ಎಂದು ವರ್ಷದ ಸಂಬಳವನ್ನೇ ಉಡುಗೊರೆ ಕೊಟ್ಟರು. (ಅಂಥ ಸ್ನೇಹಿತರು ನಮಗೂ ಸಿಗಬಾರದೇ!) 1957ರಲ್ಲಿ ಹಸ್ತಪ್ರತಿ ಲಿಪಿನ್‌ಕಾಟ್ ಎಂಬ ಪ್ರಕಾಶನಕ್ಕೆ ಹೋಗಿ, ಅಲ್ಲಿ ಟೇ ಹೋಹಾಫ್ ಎಂಬ ಹಿರಿಯ ಸಂಪಾದಕಿಯ ಕೈಗೆ ಬಂತು.

ಆ ಹಸ್ತಪ್ರತಿಯಲ್ಲಿ 26 ವರ್ಷದ ಹುಡುಗಿ ನ್ಯೂಯಾರ್ಕಿನಿಂದ ತವರಿಗೆ ಬರುತ್ತಾಳೆ. ತಾನು ದೇವರೆಂದು ತಿಳಿದಿದ್ದ ತಂದೆ, ಕರಿಯರನ್ನು ದೂರವಿಡಬೇಕೆನ್ನುವವರ ಸಭೆಯಲ್ಲಿ ಕೂತಿರುವುದನ್ನು ನೋಡಿ ಕುಸಿಯುತ್ತಾಳೆ. ನಡುನಡುವೆ ಬಾಲ್ಯದ ನೆನಪುಗಳು. ಹೋಹಾಫ್‌ಗೆ ಬರೆದವಳಲ್ಲಿ ಶಕ್ತಿ ಕಂಡಿತು, ಆದರೆ ಕಾದಂಬರಿ ಕಾಣಲಿಲ್ಲ, ಬಿಡಿಬಿಡಿ ಪ್ರಸಂಗಗಳು ಕಂಡವು. ಇಬ್ಬರೂ ಎರಡು ವರ್ಷಕ್ಕೂ ಮೇಲೆ ಕೂತು ಕೆಲಸ ಮಾಡಿದರು. ಲೀ ತಿರುಗಿ ತಿರುಗಿ ಬರೆದರು. ಕಥೆ ಇಪ್ಪತ್ತು ವರ್ಷ ಹಿಂದಕ್ಕೆ ಸರಿಯಿತು, ದೊಡ್ಡ ಹುಡುಗಿಯ ಜಾಗಕ್ಕೆ ಪುಟ್ಟ ಹುಡುಗಿಯ ಕಣ್ಣು ಬಂತು. ಒಂದು ಚಳಿಗಾಲದ ರಾತ್ರಿ ರೋಸಿಹೋಗಿ ಹಾಳೆಗಳನ್ನೆಲ್ಲ ಕಿಟಕಿಯಿಂದ ಹಿಮದ ಮೇಲೆ ಎಸೆದು ಸಂಪಾದಕಿಗೆ ಫೋನ್ ಮಾಡಿದರಂತೆ. ಆಕೆ ಸಮಾಧಾನ ಹೇಳುತ್ತಾ ಕೂರಲಿಲ್ಲ, ಕೆಳಗೆ ಹೋಗಿ ಎಲ್ಲ ಆರಿಸಿಕೊಂಡು ಬಾ ಅಂದರಂತೆ. 1960ರ ಜುಲೈನಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಂತು, 1961ರಲ್ಲಿ ಪುಲಿಟ್ಜರ್ ಬಹುಮಾನ ಬಂತು.

ಹಳೆಯ ಹಸ್ತಪ್ರತಿಯನ್ನೂ 2015ರಲ್ಲಿ 'ಗೋ ಸೆಟ್ ಎ ವಾಚ್‌ಮನ್' ಎಂದು ಅಚ್ಚು ಮಾಡಿದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬಹುದು. ತಪ್ಪು ಹೊರಿಸಿಕೊಂಡ ಕರಿಯ ಯುವಕನ ಪರವಾಗಿ ತಂದೆ ವಾದಿಸುವ ಮೊಕದ್ದಮೆ ಎಲ್ಲರಿಗೂ ನೆನಪಿರುವ ಭಾಗ, ಅಲ್ಲವೇ? ಹಳೆಯದರಲ್ಲಿ ಅದು ಎಲ್ಲೋ ನಡುವೆ ಸ್ವಲ್ಪದರಲ್ಲಿ ಬಂದು ಹೋಗುತ್ತದೆ. ಅಲ್ಲಿ ಯುವಕ ಬಿಡುಗಡೆಯನ್ನೂ ಆಗುತ್ತಾನೆ. ಬರೆದವರು ಬೇಗ ದಾಟಿಬಿಟ್ಟಿದ್ದ ಜಾಗವೇ ಹೊಸ ಪುಸ್ತಕಕ್ಕೆ ಬೆನ್ನೆಲುಬಾಯಿತು.

ನಿಮ್ಮ "ಮೂರು ವರ್ಷ ಕಳೆಯಿತು" ಓದಿದಾಗ ನನಗೆ ಇದೇ ನೆನಪಾದದ್ದು.

ಹಾಗಾದರೆ ಈಗ ಏನು ಮಾಡಬೇಕು? ಮೊದಲು ಹತ್ತು ದಿನ ಆ ಕಾಗದ ಮುಟ್ಟಬೇಡಿ. ಆಮೇಲೆ ಒಂದು ಗೆರೆ ಹಾಕಿದ ನೋಟ್‌ಬುಕ್ ತಂದು, ಕಾದಂಬರಿಯನ್ನು ಮೊದಲಿನಿಂದ ಓದುತ್ತಾ ಅಧ್ಯಾಯಕ್ಕೊಂದು ಸಾಲು ಬರೆಯಿರಿ. ಇಲ್ಲಿ ಯಾರಿಗೆ ಏನು ಬೇಕಾಗಿತ್ತು, ಮುಗಿಯುವಾಗ ಏನು ಬದಲಾಯಿತು, ಅಷ್ಟೇ. ಸಾಲು ಬರೆಯಲು ಬರದ ಅಧ್ಯಾಯಗಳು ನಾಲ್ಕಾದರೂ ಸಿಗುತ್ತವೆ. ಅವು ಕಥೆಗೆ ಬೇಡವಾದವು, ಇಲ್ಲವೇ ಏನೋ ಮುಚ್ಚಿಟ್ಟುಕೊಂಡಿರುವವು. ಇದಾದ ಮೇಲೆ ಸಂಪಾದಕಿಯ ಕಾಗದ ತೆಗೆಯಿರಿ. ಅರ್ಧ ಪ್ರಶ್ನೆ ನಿಮಗೇ ಹೊಳೆದಿರುತ್ತದೆ. ಓದಿದ ಕೂಡಲೇ ಮೈ ಉರಿದ ಮಾತುಗಳ ಪಕ್ಕದಲ್ಲಿ ಒಂದು ಗುರುತು ಹಾಕಿ. ನನ್ನ ಅನುಭವದಲ್ಲಿ ಉರಿಯುವ ಮಾತೇ ಹೆಚ್ಚಾಗಿ ನಿಜವಾದದ್ದು. ತಪ್ಪು ಮಾತಿಗೆ ನಾವು ನಕ್ಕುಬಿಡುತ್ತೇವೆ.

ಇನ್ನೊಂದು ವಿಷಯ. ಅವರು ಹೇಳಿದ ತೊಂದರೆ ಬೇರೆ, ಹೇಳಿದ ಮದ್ದು ಬೇರೆ. ಮೈದುನನ ಭಾಗ ಉದ್ದವಾಯಿತು ಅಂದಿದ್ದಾರೆ, ಸರಿ. ಅದಕ್ಕೆ ಆ ಪಾತ್ರವನ್ನೇ ತೆಗೆದುಬಿಡಿ ಅಂದದ್ದು ನನಗೂ ಒಪ್ಪಿಗೆಯಾಗಲಿಲ್ಲ. ಅವನನ್ನು ನಾಯಕಿಯ ಕಣ್ಣಿನಿಂದ ನೋಡಿದರೆ ಸಾಕೇನೋ. ಫೋನಿನಲ್ಲಿ ಅರ್ಧ ಗಂಟೆ ಮಾತಾಡಬಹುದೇ ಎಂದು ಅವರನ್ನೇ ಕೇಳಿ. "ಇಲ್ಲ ಮೇಡಂ, ಇದು ಇರಲಿ, ಯಾಕೆ ಅಂದ್ರೆ…" ಎಂದು ಹೇಳುವ ಹಕ್ಕು ನಿಮಗಿದೆ. ಒಳ್ಳೆಯ ಸಂಪಾದಕಿ ಅದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಎಲ್ಲವನ್ನೂ ಒಪ್ಪಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೂ ಅಮೆರಿಕದ್ದೇ ಉದಾಹರಣೆ ಇದೆ. ರೇಮಂಡ್ ಕಾರ್ವರ್ ಎಂಬ ಕಥೆಗಾರರ ಸಂಕಲನವನ್ನು ಸಂಪಾದಕ ಗಾರ್ಡನ್ ಲಿಶ್ ಹೆಚ್ಚು ಕಡಿಮೆ ಅರ್ಧಕ್ಕೆ ಕತ್ತರಿಸಿದರು. 1980ರ ಜುಲೈ 8ರಂದು ಕಾರ್ವರ್ ದಯವಿಟ್ಟು ನಿಲ್ಲಿಸಿ ಎಂದು ಅಂಗಲಾಚಿ ಕಾಗದ ಬರೆದರು. ಆದರೂ 1981ರಲ್ಲಿ ಕತ್ತರಿಸಿದ ಪುಸ್ತಕವೇ ಬಂತು, ಹೆಸರೂ ತಂದಿತು. ಕಾರ್ವರ್ 1988ರಲ್ಲಿ ತೀರಿಕೊಂಡರು. ಅವರು ಬರೆದ ಹಾಗೇ ಇರುವ ಕಥೆಗಳು ಪುಸ್ತಕವಾಗಿ ಬಂದದ್ದು 2009ರಲ್ಲಿ. ಹೆಸರು ಬಂದಿತಲ್ಲ ಅನ್ನಬಹುದು. ನನಗಂತೂ ಆ ಕಾಗದ ನೆನೆದರೆ ಸಂಕಟವಾಗುತ್ತದೆ.

ದುಡ್ಡಿನ ಮಾತು ಬೇರೆ ಸೋದರಿಯರಿಗೆ: ಪೂರ್ತಿ ಹಣ ಕೊಡುವ ಮೊದಲು ಮೊದಲನೆಯ ಅಧ್ಯಾಯ ಒಂದನ್ನೇ ನೋಡಿ ಅಭಿಪ್ರಾಯ ಕೊಡಲು ಕೇಳಿ. ಏನು ಮಾಡುತ್ತಾರೆ, ಎಷ್ಟು ದಿನದಲ್ಲಿ, ಎಲ್ಲ ಬರಹದಲ್ಲಿರಲಿ. "ತಿದ್ದಿ, ಪ್ರಕಟವೂ ಮಾಡಿಸಿಕೊಡುತ್ತೇವೆ" ಅನ್ನುವವರಿಂದ ನಾಲ್ಕು ಹೆಜ್ಜೆ ದೂರವಿರಿ.

ಈಗ ನಿಮ್ಮ ಕಾಗದದ ಕೊನೆಯ ಎರಡು ಸಾಲಿಗೆ ಬರುತ್ತೇನೆ ತಂಗೀ. ನಾಯಕಿ ನಿಮ್ಮ ಅಮ್ಮನೇ ಅಂದಿದ್ದೀರಿ. ಆ ಮೂರು ವರ್ಷ ಬೇಕೆಂದೇ ಬಿಟ್ಟೆ, ಬರೆದರೆ ನೆಂಟರು ಗುರುತು ಹಿಡಿಯುತ್ತಾರೆ ಅಂದಿದ್ದೀರಿ. ಪಾಪ, ಸಂಪಾದಕಿಗೆ ಇದು ಗೊತ್ತಿಲ್ಲ. ಆದರೂ ನೇರವಾಗಿ ಅಲ್ಲೇ ಬೆರಳಿಟ್ಟರು ನೋಡಿ. ನೀವು ಅತ್ತದ್ದು ಹನ್ನೊಂದು ಪುಟಕ್ಕೂ ಅಲ್ಲ, ಅದೊಂದು ಪ್ರಶ್ನೆಗೆ ಎಂದು ನನ್ನ ಊಹೆ.

ಆ ಮೂರು ವರ್ಷವನ್ನು ಒಮ್ಮೆ ಬರೆದುಬಿಡಿ, ಯಾರಿಗೂ ತೋರಿಸುವುದಕ್ಕಲ್ಲ. ಊರು ಬದಲಿಸಬಹುದು, ದೊಡ್ಡಪ್ಪನನ್ನು ಸೋದರಮಾವ ಮಾಡಬಹುದು, ಅಡಿಕೆ ತೋಟವನ್ನು ಅಕ್ಕಿ ಗಿರಣಿ ಮಾಡಬಹುದು. ಅದೆಲ್ಲ ಆಮೇಲಿನ ಕೆಲಸ. ಆದರೆ ಅಮ್ಮನನ್ನು ಒಮ್ಮೆ ಕೇಳಿ. ಮಧ್ಯಾಹ್ನ ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ, ಇಂಥದ್ದು ಬರೆಯುತ್ತಿದ್ದೇನೆ ಅನ್ನಿ. ಅವರು ಬೇಡ ಅಂದರೆ? ನಾನಾದರೆ ಅವರ ಮಾತು ಉಳಿಸಿ ಬೇರೆ ಕಥೆ ಬರೆಯುತ್ತಿದ್ದೆ. ಸಾಹಿತ್ಯದವರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಎಷ್ಟೋ ಅಮ್ಮಂದಿರು ಬೇಡ ಅನ್ನುವುದಿಲ್ಲ. ಯಾರಾದರೂ ಕೇಳಲಿ ಎಂದು ಕಾದಿರುತ್ತಾರೆ.

ಏನು ಹೇಳಿದರು ಎಂದು ನನಗೆ ಬರೆಯಿರಿ. ಅಚ್ಚಿಗಲ್ಲ, ನನಗೆ ಮಾತ್ರ.