ಎರಡು ಸೀಟಿಗೆ ಒಂದು ಟವೆಲ್

ಮಗನಿಗೆ ಕೊಡಗಿನ ಸೈನಿಕ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೀಟು ಸಿಕ್ಕಿದೆ. ಅಪ್ಪನ ಕಣ್ಣು ಮಾತ್ರ ಬೆಳಗಾವಿಯ ಮಿಲಿಟರಿ ಶಾಲೆಯ ಮೇಲೆ. ಅಲ್ಲಿಯ ಪಟ್ಟಿ ಇನ್ನೂ ಬಂದಿಲ್ಲ, ಇಲ್ಲಿ ಫೀಸಿನ ಗಡುವು ಮುಗೀತಾ ಬಂತು. ಕಟ್ಟುವುದೋ, ಕಾಯುವುದೋ? ಹಲವು ಮನೆಗಳಲ್ಲಿ ಇದೇ ಪೇಚಾಟ.

ಸೈನಿಕ ಶಾಲೆ ಬೇರೆ, ರಾಷ್ಟ್ರೀಯ ಮಿಲಿಟರಿ ಶಾಲೆ ಬೇರೆ. ಪರೀಕ್ಷೆ, ಪಟ್ಟಿ ಎಲ್ಲವೂ ಬೇರೆ. ವಿಜಯಪುರದ ಸೈನಿಕ ಶಾಲೆ 1963ರದು, ಕೊಡಗಿನ ಕೂಡಿಗೆಯದು 2007ರದು. ಮಿಲಿಟರಿ ಶಾಲೆಗಳು ದೇಶಕ್ಕೆಲ್ಲ ಐದೇ. ಹೆಸರು ದೊಡ್ಡದೇ, ಯಾರು ಇಲ್ಲ ಅಂದರು?

ಆದರೆ ಯಾವ ಶಾಲೆಯೂ ಹುಡುಗನನ್ನು ನೇರವಾಗಿ ಆಫೀಸರ್ ಮಾಡುವುದಿಲ್ಲ. ಪಿಯುಸಿ ಆದಮೇಲೆ ಖಡಕವಾಸ್ಲಾದ ಎನ್‌ಡಿಎ ಸೇರಬೇಕಾದರೆ ಎಲ್ಲರಿಗೂ ಒಂದೇ ಬಾಗಿಲು: ಲಿಖಿತ ಪರೀಕ್ಷೆಗೆ 900 ಅಂಕ, ಎಸ್‌ಎಸ್‌ಬಿಗೆ 900 ಅಂಕ. ಅಲ್ಲಿ ಶಾಲೆಯ ಬೋರ್ಡು ನೋಡಿ ಯಾರೂ ಮಾರ್ಕು ಕೊಡಲ್ಲ.

ಅಂದಮೇಲೆ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಯಾಕೆ? ಸಿಕ್ಕ ಸೀಟಿಗೆ ಮೊದಲು ಫೀಸು ಕಟ್ಟಲಿ. ನಡುವೆ ಬಿಟ್ಟರೆ ಎಷ್ಟು ಹಣ ವಾಪಸು ಅನ್ನುವುದನ್ನು ಕಟ್ಟುವ ಮುಂಚೆಯೇ ಕೇಳಿಕೊಳ್ಳಲಿ. ಬೆಳಗಾವಿ ಕರೆದರೆ ಸಂತೋಷವಾಗಿ ಹೋಗಲಿ. ಆದರೆ ಅಲ್ಲಿ ಸೀಟು ಖಾತ್ರಿಯಾದ ದಿನವೇ ಕೊಡಗಿನದು ಬಿಟ್ಟುಕೊಡಲಿ.

ಬಸ್ಸಿನಲ್ಲಿ ಎರಡು ಸೀಟಿಗೆ ಟವೆಲ್ ಹಾಸಿ ಒಂದರಲ್ಲೇ ಕೂತವನಿಗೆ ಜನ ಸುಮ್ಮನೆ ಬಿಡ್ತಾರಾ? ಶಾಲೆಯ ಸೀಟೂ ಹಾಗೆಯೇ. ವೇಟಿಂಗ್ ಲಿಸ್ಟಿನಲ್ಲಿ ಇನ್ಯಾರದೋ ಮನೆಯ ಮಗು ನಿಂತೇ ಇದೆ.