ಒಟ್ಟಿಗಿರಲೂ ಒಂದು ಪೀರಿಯಡ್

ಅಮೆರಿಕದ ಎಪಿಸ್ಕೋಪಲ್ ಶಾಲೆಗಳ ಬಗ್ಗೆ ಹೊರಗಿನವರಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಅವು ದುಡ್ಡಿದ್ದವರ ಮಕ್ಕಳ ಶಾಲೆಗಳು. ಇನ್ನೊಂದು, ಅಲ್ಲಿ ಸೇರಿದರೆ ಪ್ರಾರ್ಥನೆ ತಪ್ಪಿದ್ದಲ್ಲ. ಎರಡೂ ಬಹುಮಟ್ಟಿಗೆ ನಿಜವೇ. ಆದರೆ ಆರರಿಂದ ಎಂಟನೇ ತರಗತಿಯ ಮಕ್ಕಳನ್ನು ಈ ಶಾಲೆಗಳು ನಡೆಸಿಕೊಳ್ಳುವ ರೀತಿಯಲ್ಲಿ ಇವೆರಡಕ್ಕಿಂತ ದೊಡ್ಡ ಸಂಗತಿಯೊಂದಿದೆ. ಮಕ್ಕಳು ಹೊಂದಿಕೊಂಡು ಬಾಳಬೇಕೆಂದು ಎಲ್ಲ ಶಾಲೆಗಳೂ ಹೇಳುತ್ತವೆ. ಇವು ಅದಕ್ಕೆಂದೇ ಟೈಮ್‌ಟೇಬಲ್‌ನಲ್ಲಿ ಜಾಗ ಬಿಟ್ಟಿವೆ.

ಇಂಗ್ಲೆಂಡಿನ ಆಂಗ್ಲಿಕನ್ ಚರ್ಚ್ ಅಮೆರಿಕದಲ್ಲಿ ಚಾಚಿದ ಕವಲೇ ಎಪಿಸ್ಕೋಪಲ್ ಚರ್ಚ್. ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಬ್ರಿಟಿಷ್ ದೊರೆಗೆ ನಿಷ್ಠೆ ತೋರುವ ಪ್ರಶ್ನೆಯೇ ಉಳಿಯಲಿಲ್ಲ. 1789ರಲ್ಲಿ ಅದು ತನ್ನದೇ ಆಡಳಿತ ಕಟ್ಟಿಕೊಂಡಿತು. ಶಾಲೆಗಳ ಇತಿಹಾಸ ಅದಕ್ಕಿಂತ ಹಳೆಯದು. ನ್ಯೂಯಾರ್ಕಿನ ಟ್ರಿನಿಟಿ ಶಾಲೆ ಶುರುವಾದದ್ದು 1709ರಲ್ಲಿ, ಫಿಲಡೆಲ್ಫಿಯಾದ ಎಪಿಸ್ಕೋಪಲ್ ಅಕಾಡೆಮಿ 1785ರಲ್ಲಿ. ಇಂದು ಶಿಶುವಿಹಾರಗಳೂ ಸೇರಿ ಇಂಥ ಸಂಸ್ಥೆಗಳು ಸಾವಿರಕ್ಕೂ ಹೆಚ್ಚಿವೆ. ಕನ್ನಡ ನಾಡಿಗೂ ಇವಕ್ಕೂ ದೂರದ ನೆಂಟಸ್ತಿಕೆಯಿದೆ. 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಸಿಎಸ್‌ಐ, ಅದೇ ಜಾಗತಿಕ ಆಂಗ್ಲಿಕನ್ ಒಕ್ಕೂಟದ ಸದಸ್ಯ. 1865ರಲ್ಲಿ ಆರಂಭವಾದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯದೂ ಅದೇ ಬಳಗ. ಆ ಶಾಲೆಗೆ ಹೆಸರು ಕೊಟ್ಟ ಜಾರ್ಜ್ ಕಾಟನ್ ಕಲ್ಕತ್ತೆಯ ಬಿಷಪ್ ಆಗುವ ಮೊದಲು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಥಾಮಸ್ ಆರ್ನಾಲ್ಡ್ ಅವರ ಕೈಕೆಳಗೆ ಮೇಷ್ಟ್ರಾಗಿದ್ದವರು. ಚಾಪೆಲ್, ಹೌಸ್, ಕಿರಿಯರನ್ನು ನೋಡಿಕೊಳ್ಳುವ ಹಿರಿಯ ವಿದ್ಯಾರ್ಥಿ, ಈ ಏರ್ಪಾಡೆಲ್ಲ ಎರಡೂ ಕಡೆಗೆ ಬಂದದ್ದು ಇಂಗ್ಲೆಂಡಿನ ಅಂಥ ಶಾಲೆಗಳಿಂದಲೇ.

ಮಿಡ್ಲ್ ಸ್ಕೂಲ್ ಮಾತ್ರ ಅಮೆರಿಕದ ಸ್ವಂತ ಕೂಸು. 1963ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಶಿಕ್ಷಣತಜ್ಞ ವಿಲಿಯಂ ಅಲೆಕ್ಸಾಂಡರ್ ಅದರ ಪರವಾಗಿ ವಾದಿಸಿದರು. ಹನ್ನೊಂದರಿಂದ ಹದಿನಾಲ್ಕರ ಮಕ್ಕಳು ಚಿಕ್ಕವರೂ ಅಲ್ಲ, ದೊಡ್ಡವರೂ ಅಲ್ಲ; ಅವರನ್ನು ಹೈಸ್ಕೂಲಿನ ಪಡಿಯಚ್ಚಿಗೆ ತುರುಕಬಾರದು, ಅವರಿಗೆ ಅವರದೇ ಶಾಲೆ ಬೇಕು ಎಂಬುದು ವಾದದ ತಿರುಳು. ಆ ವಯಸ್ಸಿನ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಪ್ರಾಣಸ್ನೇಹಿತೆಯಾಗಿದ್ದವಳು ಮಧ್ಯಾಹ್ನದ ಊಟದ ಹೊತ್ತಿಗೆ ಮಾತು ಬಿಟ್ಟಿರುತ್ತಾಳೆ.

ಎಪಿಸ್ಕೋಪಲ್ ಮಿಡ್ಲ್ ಸ್ಕೂಲಿನ ದಿನವನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅಡ್ವೈಸರಿ. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬ ಶಿಕ್ಷಕ. ಆ ಗುಂಪು ದಿನವೂ, ಇಲ್ಲವೇ ವಾರದಲ್ಲಿ ಹಲವು ಸಲ, ಹದಿನೈದು ಇಪ್ಪತ್ತು ನಿಮಿಷ ಒಂದೆಡೆ ಕೂರುತ್ತದೆ. ಪಾಠವಿಲ್ಲ, ಮಾರ್ಕ್ಸ್ ಇಲ್ಲ. ಯಾರು ಸಪ್ಪಗಿದ್ದಾರೆ, ಯಾರು ಊಟಕ್ಕೆ ಒಬ್ಬರೇ ಕೂರುತ್ತಿದ್ದಾರೆ, ಯಾರ ಹೋಮ್‌ವರ್ಕ್ ಹಳಿ ತಪ್ಪಿದೆ ಎಂದು ಗಮನಿಸುವುದು ಆ ಶಿಕ್ಷಕರ ಹೊಣೆ. ಮನೆಯವರು ಮೊದಲು ಫೋನ್ ಮಾಡುವುದೂ ಅವರಿಗೇ. ಎಪಿಸ್ಕೋಪಲ್ ಅಲ್ಲದ ಶಾಲೆಗಳಲ್ಲೂ ಈ ಪದ್ಧತಿ ಇದೆ. ಇಲ್ಲಿ ಅದರ ಜೊತೆಗೆ ಚಾಪೆಲ್ ಸೇರಿಕೊಳ್ಳುತ್ತದೆ.

ಚಾಪೆಲ್ ಎಂದರೆ ಇಡೀ ಶಾಲೆ ಒಂದೇ ಸೂರಿನಡಿ ಕೂರುವ ಅರ್ಧ ಗಂಟೆ. ಕೆಲವೆಡೆ ವಾರಕ್ಕೊಮ್ಮೆ, ಕೆಲವೆಡೆ ದಿನವೂ. ಶಿಲುಬೆ ಹಿಡಿದು ಮುಂದೆ ನಡೆಯುವುದು, ದೀಪ ಹಚ್ಚುವುದು, ವಾಚನ ಓದುವುದು ಬಹುತೇಕ ಮಕ್ಕಳ ಕೆಲಸವೇ. ಚಾಪೆಲ್‌ನ ವ್ಯವಸ್ಥೆ ನೋಡಿಕೊಳ್ಳಲು ಮಕ್ಕಳ ಸಮಿತಿಯೇ ಇರುವ ಶಾಲೆಗಳೂ ಇವೆ. ಹಲವೆಡೆ ಎಂಟನೇ ತರಗತಿಯವರು ಆ ಶಾಲೆ ಬಿಡುವ ಮೊದಲು ಎಲ್ಲರೆದುರು ನಿಂತು ತಮ್ಮ ಬಗ್ಗೆ ನಾಲ್ಕು ಮಾತಾಡುವ ರೂಢಿಯಿದೆ. ಅಕ್ಟೋಬರ್ 4ರ ಆಸುಪಾಸಿನಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸ್‌ನ ನೆನಪಿನ ದಿನ, ಮಕ್ಕಳು ನಾಯಿ, ಬೆಕ್ಕು, ಮೊಲ, ಗಾಜಿನ ಬಟ್ಟಲಲ್ಲಿ ಮೀನು ತಂದು ಸಾಲಾಗಿ ನಿಲ್ಲುತ್ತಾರೆ. ಪಾದ್ರಿ ಒಂದೊಂದನ್ನೂ ಹರಸುತ್ತಾರೆ. ಬೊಗಳಾಟದ ಗದ್ದಲದಲ್ಲಿ ಪ್ರಾರ್ಥನೆ ಕೇಳಿಸದಿದ್ದರೂ ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಇಲ್ಲಿ ಕಲಿಯುವವರಲ್ಲಿ ಎಪಿಸ್ಕೋಪಲ್ ಪಂಥದವರು ಅನೇಕ ಶಾಲೆಗಳಲ್ಲಿ ಅಲ್ಪಸಂಖ್ಯಾತರು. ಕ್ಯಾಥೊಲಿಕರು, ಯಹೂದಿಗಳು, ಮುಸ್ಲಿಮರು, ಹಿಂದೂಗಳು, ಯಾವ ಧರ್ಮವೂ ಬೇಡವೆನ್ನುವವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪ್ರಭು ಭೋಜನದ ಹೊತ್ತಿನಲ್ಲಿ ರೊಟ್ಟಿ ಬೇಡದ ಮಗು ಎದೆಯ ಮೇಲೆ ಎರಡೂ ಕೈ ಕಟ್ಟಿ ನಿಂತರೆ ಸಾಕು, ಪಾದ್ರಿ ಆಶೀರ್ವಾದವನ್ನಷ್ಟೇ ಹೇಳಿ ಕಳಿಸುತ್ತಾರೆ. ಹಾಗೆ ನಿಲ್ಲುವುದೂ ಇಷ್ಟವಿಲ್ಲದಿದ್ದರೆ ಕುಳಿತಲ್ಲೇ ಕೂರಬಹುದು. ದೀಪಾವಳಿ, ಈದ್, ಹನುಕ್ಕಾ ಬಂದಾಗ ಆಯಾ ಮನೆಯ ಮಕ್ಕಳಿಂದಲೇ ಅದರ ಬಗ್ಗೆ ಹೇಳಿಸುವ ಶಾಲೆಗಳು ಹಲವಿವೆ.

ಹಾಗಿದ್ದೂ ಹಾಜರಿ ಕಡ್ಡಾಯ ಎಂಬುದನ್ನು ಮರೆಯುವಂತಿಲ್ಲ. 1962ರಲ್ಲಿ ಎಂಗೆಲ್ ವಿರುದ್ಧ ವಿಟಾಲೆ ಪ್ರಕರಣದಲ್ಲಿ ಸರ್ಕಾರಿ ಶಾಲೆಗಳು ಮಕ್ಕಳಿಂದ ಪ್ರಾರ್ಥನೆ ಹೇಳಿಸಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಖಾಸಗಿ ಶಾಲೆಗಳಿಗೆ ಆ ಕಟ್ಟಳೆ ಇಲ್ಲ. ಹನ್ನೊಂದು ವರ್ಷದ ಮಗುವಿಗೆ ಎಲ್ಲರೂ ಎದ್ದು ನಿಂತಾಗ ಕುಳಿತೇ ಇರುವ ಸ್ವಾತಂತ್ರ್ಯ ಎಷ್ಟು ನಿಜವಾದದ್ದು ಎಂಬ ಪ್ರಶ್ನೆ ಸಣ್ಣದೇನಲ್ಲ. ಮನೆಯಲ್ಲಿ ಬೇರೆ ದೇವರಿಗೆ ಕೈ ಮುಗಿಯುವವರು ಸೇರಿಸುವ ಮೊದಲೇ ಮಗುವಿನೊಡನೆ ಇದನ್ನು ಮಾತಾಡಿಕೊಂಡಿರಬೇಕು.

ಸಮುದಾಯ ಎಂದಕೂಡಲೇ ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕವೂ ಬರುತ್ತದೆ. 1963ರಲ್ಲಿ ಅಟ್ಲಾಂಟದ ಲವೆಟ್ ಶಾಲೆಗೆ ಕಪ್ಪು ಜನಾಂಗದ ಮಗುವೊಂದರ ಅರ್ಜಿ ಬಂತು. ಎಪಿಸ್ಕೋಪಲ್ ಕೆಥೆಡ್ರಲ್ ಜೊತೆ ನಂಟಿದ್ದ ಆ ಶಾಲೆ ಅರ್ಜಿಯನ್ನು ತಿರಸ್ಕರಿಸಿತು. ಮಗುವಿನ ಹೆಸರು ಮಾರ್ಟಿನ್ ಲೂಥರ್ ಕಿಂಗ್ III. ಅಪ್ಪ ಯಾರೆಂದು ಹೇಳಬೇಕಾಗಿಲ್ಲ. ಚರ್ಚಿನೊಳಗಿನಿಂದಲೇ ಪ್ರತಿಭಟನೆ ಎದ್ದಿತು, ಕೊನೆಗೆ ಧರ್ಮಪ್ರಾಂತ್ಯ ಆ ಶಾಲೆಯಿಂದ ದೂರ ಸರಿಯಿತು. ಒಳಗಿದ್ದವರಿಗೂ ರಕ್ಷಣೆ ಖಾತ್ರಿಯಿರಲಿಲ್ಲ. ರೋಡ್ ಐಲೆಂಡ್‌ನ ಸೇಂಟ್ ಜಾರ್ಜಸ್ ವಸತಿ ಹೈಸ್ಕೂಲಿನಲ್ಲಿ 1970 ಮತ್ತು 80ರ ದಶಕಗಳಲ್ಲಿ ನಡೆದ ಲೈಂಗಿಕ ದೌರ್ಜನ್ಯದ ಪೂರ್ಣ ವರದಿ ಹೊರಬಿದ್ದದ್ದು 2016ರಲ್ಲಿ. ನಾವೆಲ್ಲ ಒಂದೇ ಕುಟುಂಬ ಎಂಬ ಮಾತು ಬಾಯಿ ಮುಚ್ಚಿಸಲೂ ಬಳಕೆಯಾಗುತ್ತದೆ.

ಹಣದ ವಿಷಯವೂ ಇದೆ. ದೊಡ್ಡ ನಗರಗಳ ಹೆಸರಾಂತ ಶಾಲೆಗಳಲ್ಲಿ ವಾರ್ಷಿಕ ಶುಲ್ಕ 40 ಸಾವಿರ ಡಾಲರ್ ದಾಟಿ ವರ್ಷಗಳೇ ಆದವು. ಹತ್ತು ಮಕ್ಕಳಿಗೊಬ್ಬ ಶಿಕ್ಷಕನನ್ನು ಅಷ್ಟು ದುಡ್ಡಿದ್ದರೆ ಯಾರು ಬೇಕಾದರೂ ಇಡಬಹುದಲ್ಲ ಎಂದು ಓದುಗರು ಕೇಳಿದರೆ ತಪ್ಪಿಲ್ಲ.

ಅದಕ್ಕೆ ಉತ್ತರ ಬಾಸ್ಟನ್ನಿನ ಡಾರ್ಚೆಸ್ಟರ್‌ನಲ್ಲಿದೆ. 1990ರ ದಶಕದ ಕೊನೆಯಲ್ಲಿ ಎಪಿಸ್ಕೋಪಲ್ ಪಾದ್ರಿ ಜಾನ್ ಫಿನ್ಲಿ ಅಲ್ಲಿ ಎಪಿಫನಿ ಶಾಲೆ ಕಟ್ಟಿದರು. ಐದರಿಂದ ಎಂಟನೇ ತರಗತಿ, ಬಡ ಕುಟುಂಬಗಳ ಮಕ್ಕಳಿಗೆ ಮಾತ್ರ ಪ್ರವೇಶ, ಶುಲ್ಕ ಇಲ್ಲ. ಆಯ್ಕೆ ಪರೀಕ್ಷೆಯಿಂದಲ್ಲ, ಲಾಟರಿಯಿಂದ. ಹಾಗಾಗಿ ಜಾಣರನ್ನೇ ಆರಿಸಿಕೊಂಡು ಗೆದ್ದರು ಎಂಬ ಆರೋಪಕ್ಕೆ ಆಸ್ಪದವಿಲ್ಲ. ಶಾಲೆಯ ಆಸರೆ ದಿನಕ್ಕೆ ಹನ್ನೆರಡು ತಾಸು, ವರ್ಷಕ್ಕೆ ಹನ್ನೊಂದು ತಿಂಗಳು. ಬೆಳಗಿನ ತಿಂಡಿಯಿಂದ ಸಂಜೆಯ ಓದಿನವರೆಗೆ ಮಕ್ಕಳು ಅಲ್ಲೇ ಇರುತ್ತಾರೆ. ಶುಲ್ಕದ ಬದಲು ಮನೆಯವರು ಶಾಲೆಯಲ್ಲಿ ಕೈಲಾದ ಕೆಲಸ ಮಾಡಿಕೊಡುತ್ತಾರೆ. ಎಂಟನೇ ತರಗತಿ ಮುಗಿದ ಮೇಲೂ ಹೈಸ್ಕೂಲು, ಕಾಲೇಜಿನ ದಾರಿಯಲ್ಲಿ ಶಾಲೆ ಅವರ ಬೆನ್ನಿಗಿರುತ್ತದೆ.

ಫಿಲಡೆಲ್ಫಿಯಾದ ಉತ್ತರ ಭಾಗದ ಕಥೆಯೂ ಅಷ್ಟೇ ಹೇಳುವಂಥದ್ದು. ಸೇಂಟ್ ಜೇಮ್ಸ್ ದ ಲೆಸ್ ಎಂಬ ಹತ್ತೊಂಬತ್ತನೇ ಶತಮಾನದ ಕಲ್ಲಿನ ಚರ್ಚು ಮತ್ತು ಅದರ ಸುತ್ತಲಿನ ಸ್ಮಶಾನ ಆಸ್ತಿ ವ್ಯಾಜ್ಯಕ್ಕೆ ಸಿಕ್ಕಿದ್ದವು. ಕೋರ್ಟಿನಲ್ಲಿ ಗೆದ್ದ ಧರ್ಮಪ್ರಾಂತ್ಯಕ್ಕೆ ಕಟ್ಟಡ ಸಿಕ್ಕಿತು, ಸಭೆ ಉಳಿಯಲಿಲ್ಲ. 2011ರಲ್ಲಿ ಆ ಆವರಣದಲ್ಲೇ ಉಚಿತ ಮಿಡ್ಲ್ ಸ್ಕೂಲ್ ತೆರೆಯಿತು. ಖಾಲಿ ಬೆಂಚುಗಳಲ್ಲಿ ಈಗ ಸುತ್ತಲಿನ ಬಡಾವಣೆಯ ಮಕ್ಕಳು ಕೂರುತ್ತಾರೆ. ಬಡ ಮಕ್ಕಳಿಗಾಗಿ 1971ರಲ್ಲಿ ನ್ಯೂಯಾರ್ಕಿನಲ್ಲಿ ಜೆಸ್ವಿಟರು ಆರಂಭಿಸಿದ ನೇಟಿವಿಟಿ ಶಾಲೆ ಇಂಥ ಹಲವು ಪ್ರಯತ್ನಗಳಿಗೆ ಮಾದರಿ. ಚಿಕ್ಕ ತರಗತಿ, ದೀರ್ಘ ದಿನ, ಬಿಡದೆ ಹಿಂಬಾಲಿಸುವ ದೊಡ್ಡವರು, ಅದರ ಬಂಡವಾಳ ಇಷ್ಟೇ. ಇವೆಲ್ಲ ದಾನಿಗಳ ನೆರವಿನಲ್ಲಿ ನಡೆಯುವ ಶಾಲೆಗಳು. ದಾನ ನಿಂತರೆ ಬಾಗಿಲು ಮುಚ್ಚುವ ಭಯ ತಪ್ಪಿದ್ದಲ್ಲ.

ಒಟ್ಟಿಗಿರುವುದನ್ನು ಕಲಿಸುವ ಅಗತ್ಯ ಈಗ ಇಡೀ ದೇಶದ್ದು. ಮಂಡ್ಯದ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನವನ್ನು ದೇಶದ ಆರೋಗ್ಯ ಸಮಸ್ಯೆಯೆಂದು ಸಾರಿ ಎಚ್ಚರಿಕೆಯ ವರದಿ ಹೊರಡಿಸಿದರು. ಅದೇ ತಿಂಗಳು ಮಕ್ಕಳು ಮತ್ತು ಸೋಷಿಯಲ್ ಮೀಡಿಯಾ ಕುರಿತು ಇನ್ನೊಂದು ಬಂತು. ಅದಾದ ಮೇಲೆ ಶಾಲೆಗಳಲ್ಲಿ ಫೋನ್ ನಿಷೇಧಿಸುವ ರಾಜ್ಯಗಳ ಸಂಖ್ಯೆ ಬೆಳೆಯುತ್ತಲೇ ಇದೆ. ಫೋನ್ ಕಿತ್ತುಕೊಳ್ಳುವುದು ಸುಲಭ. ಕಿತ್ತುಕೊಂಡ ಮೇಲೆ ಆ ಹೊತ್ತಿನಲ್ಲಿ ಮಕ್ಕಳು ಏನು ಮಾಡಬೇಕು, ಯಾರ ಜೊತೆ ಇರಬೇಕು ಎಂಬುದಕ್ಕೆ ಅಡ್ವೈಸರಿ, ಚಾಪೆಲ್, ಒಟ್ಟಿಗೆ ಕೂತು ಉಣ್ಣುವ ಊಟದ ಮೇಜು ಒಂದು ಉತ್ತರ ಕೊಟ್ಟಿವೆ.

ಆ ಉತ್ತರಕ್ಕೆ ಶಿಲುಬೆಯೇ ಬೇಕೆಂದಿಲ್ಲ. ಕರ್ನಾಟಕದಲ್ಲಿ ಅನೇಕ ಖಾಸಗಿ ಶಾಲೆಗಳು ಆರನೇ ತರಗತಿಯಿಂದಲೇ ಐಐಟಿ ಫೌಂಡೇಶನ್ ಹೆಸರಿನಲ್ಲಿ ಪಿ.ಟಿ. ಪೀರಿಯಡ್ಡನ್ನೂ ನುಂಗಿಹಾಕುತ್ತಿವೆ. ಇಂಥಲ್ಲೂ ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ, ಹದಿನೈದು ಮಕ್ಕಳಿಗೊಬ್ಬ ಟೀಚರ್ ಎಂಬ ಏರ್ಪಾಡು ಮಾಡಲು ಹೊಸ ಕಟ್ಟಡ ಬೇಕಾಗಿಲ್ಲ. ಆಡಳಿತ ಮಂಡಳಿ ಮನಸ್ಸು ಮಾಡಬೇಕು.

ಅಮೆರಿಕದಲ್ಲಿ ನೆಲೆಸಿ ಮಕ್ಕಳಿಗೆ ಎಪಿಸ್ಕೋಪಲ್ ಮಿಡ್ಲ್ ಸ್ಕೂಲ್ ನೋಡುತ್ತಿರುವ ಕನ್ನಡ ಕುಟುಂಬಗಳಿಗೂ ಒಂದು ಮಾತು. ಆ ಶಾಲೆಯಿಂದ ಹೋದವರಲ್ಲಿ ಹಾರ್ವರ್ಡ್ ಸೇರಿದವರೆಷ್ಟು ಎಂದು ಕೇಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಒಬ್ಬ ಅಡ್ವೈಸರ್‌ಗೆ ಮಕ್ಕಳೆಷ್ಟು? ಹೊಸದಾಗಿ ಬಂದ ಮಗು ಮೊದಲ ವಾರ ಯಾರ ಜೊತೆ ಊಟಕ್ಕೆ ಕೂರುತ್ತದೆ? ಚಾಪೆಲ್‌ನಲ್ಲಿ ಬೇರೆ ಧರ್ಮದ ಮಗು ಏನು ಮಾಡುತ್ತದೆ? ದೊಡ್ಡವರ ಮೇಲೆ ದೂರು ಹೇಳಬೇಕಾದರೆ ಮಗು ಯಾರ ಬಳಿ ಹೋಗಬೇಕು? ಇವಕ್ಕೆ ಅಡ್ಮಿಷನ್ ಆಫೀಸಿನವರು ತಡವರಿಸಿದರೆ, ನಲವತ್ತು ಸಾವಿರ ಡಾಲರ್ ಉಳಿಸಿಕೊಂಡು ಮನೆ ಹತ್ತಿರದ ಪಬ್ಲಿಕ್ ಶಾಲೆಗೆ ಸೇರಿಸುವುದೇ ಮೇಲು.