ವಿಮಾನಚಾಲಕನ ಪೂರ್ವಚರಿತ್ರೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ವೀರಣ್ಣನವರ ನಾಟಕ ಕಂಪನಿಯಿಂದ ಹೆಸರಾದ ಊರಿನ ಹುಡುಗರು ಈಗ ಆಕಾಶಕ್ಕೆ ಮನಸೋಲುವುದು ಸಹಜವೇ. ಆದರೆ ಜಾತ್ರೆಯ ಜಗಳದಲ್ಲೋ ಹಾಸ್ಟೆಲಿನ ಹೊಡೆದಾಟದಲ್ಲೋ ಸಿಕ್ಕಿ ಮೊಕದ್ದಮೆಗೆ ಗುರಿಯಾದವನು ವಿಮಾನ ನಡೆಸಬಲ್ಲನೆ? ತುಮಕೂರು, ಕುಣಿಗಲುಗಳ ಹಿರಿಯರು ‘ಅವನ ಕಥೆ ಮುಗಿಯಿತು’ ಎಂದುಬಿಡುತ್ತಾರೆ. ನಾನು ಒಪ್ಪಲಾರೆ.

ಪರವಾನಗಿಗೆ 200 ಗಂಟೆಗಳ ಹಾರಾಟವೂ ಕಠಿಣವಾದ ವೈದ್ಯ ಪರೀಕ್ಷೆಯೂ ಬೇಕೆಂಬುದು ಎಲ್ಲರೂ ಬಲ್ಲ ವಿಷಯ. ತೊಡಕಿರುವುದು ಬೇರೆಡೆ. ವಿಮಾನ ನಿಲ್ದಾಣದ ಪ್ರವೇಶಪತ್ರಕ್ಕೆ ಪೋಲೀಸರು ಪೂರ್ವಚರಿತ್ರೆಯನ್ನು ವಿಚಾರಿಸುತ್ತಾರೆ. 1967ರ ಪಾಸ್‌ಪೋರ್ಟ್ ಕಾಯಿದೆಯಂತೆ, ಮೊಕದ್ದಮೆ ನಡೆಯುತ್ತಿದ್ದರೆ ಪಾಸ್‌ಪೋರ್ಟನ್ನು ನಿರಾಕರಿಸಬಹುದು. ನ್ಯಾಯಾಲಯದ ಅನುಮತಿ ತಂದವನಿಗೆ ಮಾತ್ರ ದಾರಿಯುಂಟು. ನೈತಿಕ ಅಧಃಪತನದ ಅಪರಾಧಕ್ಕಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಸಜೆಯಾದವನಿಗೆ ಐದು ವರ್ಷ ತಡೆ. ಐದು ವರ್ಷವೇ ಹೊರತು ಜೀವಮಾನವಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ನೆರೆಹೊರೆಗಿಂತ ಕಾನೂನೇ ಕರುಣಾಳು!

ನೌಕರಿಯ ಅರ್ಜಿಯಲ್ಲಿ ಮೊಕದ್ದಮೆಯನ್ನು ಮರೆಮಾಚಿದ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ, ಅವತಾರ್ ಸಿಂಗ್ ಪ್ರಕರಣದಲ್ಲಿ, ವಿಚಾರಿಸಿತು. ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಅಧಿಕಾರಿಗಳು ಮನ್ನಿಸಬಹುದು. ಮರೆಮಾಚುವಿಕೆಯಾದರೋ ಕೆಲಸಕ್ಕೇ ಸಂಚಕಾರ ತರಬಹುದು. ಆದರೂ ಆ ಅಂಕಣವನ್ನು ಖಾಲಿ ಬಿಡುವಂತೆ ಹುಡುಗನಿಗೆ ಹೇಳಿಕೊಡುವವರು ಅವನ ಹಿತೈಷಿಗಳೇ. ತೆಂಗಿನ ತೋಟವನ್ನು ಅಡವಿಟ್ಟು ಹಾರಾಟದ ಶಾಲೆಗೆ ಲಕ್ಷಾಂತರ ರೂಪಾಯಿ ಕಟ್ಟುವ ಮೊದಲು, ತಂದೆ ಮಗ ಇಬ್ಬರೂ ವಕೀಲರನ್ನು ಕಂಡು ತೀರ್ಪಿನ ನಕಲನ್ನು ಪಡೆಯಲಿ.